ಮೂರನೇ ತರಗತಿಯ ಮಾಸ್ತರರ ಕೈ

ಹುಡುಗಿಯ ಕೈ ನೆಟ್ಟಗಿತ್ತು. ಅವಳು ಪಾಟಿಯ ಮೇಲೆ ಬರೆದ ಅಕ್ಷರಗಳು ನಡುಗುತ್ತಿದ್ದವು. ‘ಅ’ದ ಹೊಟ್ಟೆ, ‘ಕ’ದ ತಲೆಕಟ್ಟು, ‘ರ’ದ ಸುತ್ತು, ಎಲ್ಲದರ ಅಂಚಿಗೂ ಸಣ್ಣ ಸಣ್ಣ ತೆರೆ. ಅವಳನ್ನು ಎದುರಿಗೆ ಕೂರಿಸಿ, ಎರಡೂ ಕೈ ಮುಂದಕ್ಕೆ ಚಾಚಿಸಿ, ಬೆರಳುಗಳ ಮೇಲೆ ಒಂದು ಹಾಳೆ ಹಾಸಿ ನೋಡಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ನಡುಕವನ್ನೂ ಹಾಳೆಯ ಅಂಚು ತೋರಿಸಿಕೊಡುತ್ತದೆ. ಹಾಳೆ ಅಲುಗಲಿಲ್ಲ.

“ಇಕೀ ನರದಾಗ ಏನೋ ಹೊಕ್ಕಾದ ಬಾಯಾರ,” ಎಂದರು ಅವಳ ಅಪ್ಪ. “ಗದ್ದಿಗೆ ಎಣ್ಣಿ ಹೊಡಸ್ತೀವಿ ನೋಡ್ರಿ, ಅದರ ಗಾಳಿ ಬಡದಾದೇನು? ಇಕೀ ಒಬ್ಬಾಕಿ ಅಲ್ಲ. ನಮ್ಮೂರ ಸಾಲ್ಯಾಗ ಇಕೀ ಜೋಡಿ ಪೋರಗೋಳೂ ಹಿಂಗೇ ಬರೀತಾವ.”

ಎಣ್ಣೆ ಎಂದರೆ ಅಲ್ಲಿ ಕೀಟನಾಶಕ, ಬಾಯಾರು ಎಂದರೆ ಡಾಕ್ಟರಮ್ಮ. ನಾನಾಗ ಶಹಾಪುರ ತಾಲ್ಲೂಕಿನ ಒಂದು ಸಣ್ಣ ಸರ್ಕಾರಿ ದವಾಖಾನೆಯಲ್ಲಿ ಒಬ್ಬಳೇ ವೈದ್ಯೆ. ಹುಟ್ಟಿದ್ದು ಸುರಪುರದಲ್ಲಾದ್ದರಿಂದ ಆ ಮಾತು ನನಗೆ ಹೊಸದಲ್ಲ. ಆ ನೀರು ಹೊಸದು. ಕಾಲುವೆ ಬಂದ ಮೇಲೆ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿದ್ದವು. ಗದ್ದೆಯ ಹಿಂದೆಯೇ ಎಣ್ಣೆ ಡಬ್ಬಿಗಳು ಬಂದವು, ಸೊಳ್ಳೆ ಬಂತು, ಮೂರು ಹೊತ್ತು ಅನ್ನವೂ ಬಂತು. ಹುಡುಗಿಯ ಅಪ್ಪ ಹಾಗೆ ಬದಲಾದ ಹೊಲದ ಒಡೆಯರು, ಊರಿನ ಶಾಲಾ ಸಮಿತಿಯ ಅಧ್ಯಕ್ಷರು. ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ರಕ್ತದ ದೊಡ್ಡ ಪರೀಕ್ಷೆ ಏನೇ ಇದ್ದರೂ ಕಲಬುರಗಿಗೆ ಕಳಿಸಬೇಕಿತ್ತು.

ಎಣ್ಣೆಯ ವಿಷ ನನಗೆ ಆ ಹೊತ್ತಿಗೆ ಚೆನ್ನಾಗಿ ಪರಿಚಯವಾಗಿತ್ತು. ಕಣ್ಣಿನ ಪಾಪೆ ಸಾಸಿವೆಯಷ್ಟಾಗುತ್ತದೆ, ಜೊಲ್ಲು ಸುರಿಯುತ್ತದೆ, ತೊಗಲಿನ ಕೆಳಗೆ ಇರುವೆ ಓಡಾಡಿದಂತೆ ಸ್ನಾಯು ಅದುರುತ್ತದೆ. ಅದು ಅದುರುವಿಕೆ, ನಡುಕ ಬೇರೆ. ಹುಡುಗಿಗೆ ಯಾವುದೂ ಇರಲಿಲ್ಲ. ಆದರೂ ಒಂದೇ ತರಗತಿಯ ಹಲವು ಮಕ್ಕಳು ಎಂಬ ಮಾತು ನನ್ನನ್ನು ಕುಕ್ಕಿತು. ಗದ್ದೆ, ಶಾಲೆಯ ಬೋರು, ಮಧ್ಯಾಹ್ನದ ಊಟದ ಅಕ್ಕಿ... ತಲೆ ಎಲ್ಲಿಗೆಲ್ಲ ಓಡಿತು. ಆ ದಿನದ ನನ್ನ ದಿನಚರಿಯಲ್ಲಿ ‘ಮೂವರು ಮಕ್ಕಳು?’ ಎಂದಿದೆ, ಪ್ರಶ್ನಾರ್ಥಕ ಚಿಹ್ನೆ ಸಮೇತ. ಆದರೆ ಕಣ್ಣು ಮುಚ್ಚಿದರೆ ಕಾಣುವುದು ಆ ಹುಡುಗಿ ಒಬ್ಬಳೇ. ನೆನಪು ಗುಂಪನ್ನು ಸವರಿಹಾಕಿ ಒಂದು ಮುಖವನ್ನು ಉಳಿಸಿಕೊಳ್ಳುತ್ತದೆ. ಆದ್ದರಿಂದ ನನಗೆ ಖಾತ್ರಿಯಿಲ್ಲದ ಕಡೆ ಖಾತ್ರಿಯಿಲ್ಲ ಎಂದೇ ಬರೆಯುತ್ತೇನೆ.

“ನಿನಗ ತಿಳಿದದ್ದೊಂದು ಚಿತ್ರ ತೆಗಿ,” ಎಂದು ಹುಡುಗಿಗೆ ಬಳಪ ಕೊಟ್ಟೆ. ಅವಳು ಒಂದು ಮನೆ ತೆಗೆದಳು. ಗೋಡೆಗಳು ನೆಟ್ಟಗೆ, ಒಂದೂ ತೆರೆಯಿಲ್ಲ.

“ಮನಿಗೆ ತೆರಿ ಇಲ್ಲ. ಅಕ್ಷರಕ್ಕ ಯಾಕ ಇಟ್ಟಿ?”

ಅವಳು ನನ್ನ ದಡ್ಡತನಕ್ಕೆ ಮರುಗಿದಂತೆ ನೋಡಿದಳು. “ಅಕ್ಷರಕ್ಕ ತೆರಿ ಇರ್ತಾವಲ್ರಿ.”

“ಯಾರು ಹೇಳಿದ್ರು?”

“ಹೇಳೋದೇನ್ರಿ, ಬೋರ್ಡಿನ ಮ್ಯಾಲೇ ಇರ್ತಾವ. ನಮ್ ಸರ್ ಹಂಗೇ ಬರೀತಾರ. ನಂವು ಚಂದ ಬರ್ತಾವ, ನನ್ನ ಮಗ್ಗಲ ಕೂಡೋ ಪೋರಗ ತೆರಿ ಹಾಕಾಕ ಬರಾಂಗೇ ಇಲ್ಲ.”

ನನಗೆ ನಗು ಬಂತು. ನಕ್ಕು ಮುಗಿಸುವುದರೊಳಗೆ ಅಧ್ಯಕ್ಷರ ಮುಖ ನೋಡಿದೆ; ಅವರು ನಗುತ್ತಿರಲಿಲ್ಲ.

“ಹಂಗಾರ ಮಾಸ್ತರನ ಕೈ ನಡುಗ್ತದ,” ಎಂದರು ನಿಧಾನವಾಗಿ. “ಕುಡದು ಬರ್ತಾನ ಅಂವ. ಮಂದಿ ಅಂತಿದ್ರು, ನಾ ನಂಬಿದ್ದಿಲ್ಲ.”

ಮಕ್ಕಳಿಗೆ ಏನೂ ಆಗಿಲ್ಲ ಎಂದು ತಿಳಿದ ಆ ಗಳಿಗೆಯಲ್ಲೇ ಒಬ್ಬ ಮನುಷ್ಯನ ಮೇಲೆ ಕುಡುಕನೆಂಬ ಹೆಸರು ಬಿತ್ತು. ಅಧ್ಯಕ್ಷರು ಎದ್ದು ನಿಂತೇ ಹೇಳಿದರು: “ಬರೋ ಸಭಾದಾಗ ಠರಾವು ಮಾಡಿ ಇಲಾಖೆಗೆ ಕಳಸ್ತೀವಿ. ಅದಕ್ಕೂ ಮೊದಲ ನೀವೊಂದು ಸರ್ಟಿಫಿಕೇಟ್ ಕೊಡ್ರಿ ಬಾಯಾರ, ಕುಡುಕ ಹೌದೋ ಅಲ್ಲೋ ಅಂತ. ಸುಳ್ಳ ಅಪವಾದ ನಮಗೂ ಬ್ಯಾಡ.”

ಮರುದಿನ ಲಸಿಕೆಯ ನೆಪ ಮಾಡಿಕೊಂಡು ಶಾಲೆಗೆ ಹೋದೆ. ಮಾಸ್ತರರು ನಲವತ್ತು ದಾಟಿದ ತೆಳ್ಳನೆಯ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ಕೈ ಇಟ್ಟುಕೊಂಡಾಗ ಬೆರಳು ಕಲ್ಲಿನಂತೆ ಸ್ಥಿರ. ಎದ್ದು ಸುಣ್ಣದ ಕಡ್ಡಿ ಹಿಡಿದು ಕೈ ಮೇಲೆತ್ತಿದ ಕೂಡಲೇ ಮಣಿಕಟ್ಟಿನಿಂದ ನಡುಕ ಶುರು. ಬರೆಯುತ್ತಲೇ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಅದುಮಿ ಹಿಡಿಯುತ್ತಿದ್ದರು. ಹಲಗೆಯ ಮೇಲೆ ತೆರೆಗಳಿದ್ದವು, ಮಕ್ಕಳ ಪಾಟಿಗಳ ಮೇಲೆಯೂ ಇದ್ದವು, ಕೆಲವರವು ಮಾಸ್ತರರಿಗಿಂತ ಚೆನ್ನಾಗಿದ್ದವು.

ನಡುಕವನ್ನು ಬೇರ್ಪಡಿಸುವಾಗ ಮೊದಲ ಪ್ರಶ್ನೆ ಒಂದೇ: ಕೈ ಸುಮ್ಮನಿದ್ದಾಗ ನಡುಗುತ್ತದೋ, ಕೆಲಸಕ್ಕೆ ಹೋದಾಗ ನಡುಗುತ್ತದೋ? ಸುಮ್ಮನಿದ್ದಾಗ ನಡುಗಿ, ಕೆಲಸಕ್ಕೆ ಎತ್ತಿದರೆ ನಿಲ್ಲುವಂಥದ್ದು ಒಂದು ಜಾತಿ; ಅದರ ಜತೆಗೆ ನಡಿಗೆ ನಿಧಾನವಾಗುತ್ತದೆ, ಅಕ್ಷರ ಕಿರಿದಾಗುತ್ತ ಹೋಗುತ್ತದೆ. ಗುರಿ ಹತ್ತಿರವಾದಷ್ಟೂ ಕೈ ಎತ್ತೆತ್ತಲೋ ಹಾರುವುದು ಇನ್ನೊಂದು, ಅದರ ಬೇರು ಹಿಂಬದಿಯ ಕಿರುಮೆದುಳಿನಲ್ಲಿ. ಗಂಟಲ ಥೈರಾಯ್ಡ್ ಗ್ರಂಥಿ ಕೆರಳಿದರೆ ಸಣ್ಣ ವೇಗದ ನಡುಕ, ಬಿಸಿ ಅಂಗೈ, ಓಡುವ ನಾಡಿ, ಇಳಿಯುವ ತೂಕ. ದಮ್ಮಿನ ಗುಳಿಗೆಯಿಂದಲೂ ನಡುಕ ಬರುತ್ತದೆ. ದಿನಾ ಕುಡಿಯುವವನು ಕುಡಿಯದಿದ್ದ ದಿನವೂ ಬರುತ್ತದೆ. ಮಾಸ್ತರರದು ಕೆಲಸಕ್ಕೆ ಹೋದಾಗಿನ ನಡುಕ. ಅಲ್ಲಿಗೆ ಅರ್ಧ ಬಾಗಿಲು ಮುಚ್ಚಿದವು, ಇನ್ನರ್ಧ ತೆರೆದೇ ಇದ್ದವು. “ನಾಳೆ ದವಾಖಾನಿಗೆ ಬರ್ರಿ,” ಎಂದು ಹೇಳಿ ಬಂದೆ.

ಬಂದರು. ಕೈ ಚಾಚಿಸಿ ಹಾಳೆ ಹಾಸಿದೆ. ಹಾಳೆ ಅಲುಗಲಿಲ್ಲ.

ಪೆನ್ನು ಕೊಟ್ಟು ಸುರುಳಿ ಬರೆಯಲು ಹೇಳಿದೆ. ಬಸವನಹುಳುವಿನ ಚಿಪ್ಪಿನಂತೆ ನುಣ್ಣನೆಯ ಸುರುಳಿ. ನಿನ್ನೆ ಕಣ್ಣಾರೆ ಕಂಡದ್ದು ಇವತ್ತು ಇಲ್ಲ! ನಾನು ಬಗ್ಗಿ ಅವರ ಕಣ್ಣು ನೋಡಲು ಹೋದಾಗ ಲವಂಗದ ವಾಸನೆ ಬಂತು, ಅದರ ಅಡಿಯಲ್ಲಿ ಇನ್ನೊಂದು.

ಅವರು ಹೋದ ಮೇಲೆ ಸಿಸ್ಟರ್ ಒಳಗೆ ಬಂದರು. ಮೂವತ್ತು ವರ್ಷ ಸೂಜಿ ಚುಚ್ಚಿದ ಕೈ, ಅದಕ್ಕಿಂತ ಚೂಪು ನಾಲಿಗೆ.

“ಇದಕ್ಕ ನಿಮ್ಮ ಪುಸ್ತಕ ಯಾಕ ಬೇಕ್ರಿ ಮೇಡಂ, ಮೂಗು ಸಾಕು. ಕುಡೀಲಿಲ್ಲಾಂದ್ರ ನಡುಗ್ತದ, ಕುಡದ್ರ ನಿಲ್ತದ. ನಮ್ಮ ಭಾವನ ಕೈಯೂ ಹಿಂಗೇ ಇತ್ತು, ಪಾಕೀಟು ಹರಿಯಾಕ ಹಲ್ಲು ಬೇಕಾಗ್ತಿತ್ತು.”

ವಾದದಲ್ಲಿ ಎಲ್ಲೂ ಬಿರುಕು ಕಾಣಲಿಲ್ಲ. ಅದೇ ನನ್ನನ್ನು ಕೂರಗೊಡಲಿಲ್ಲ. ಆಗ ಸಾರಾಯಿ ಪ್ಲಾಸ್ಟಿಕ್ ಪಾಕೀಟಿನಲ್ಲಿ ಸಿಗುತ್ತಿತ್ತು, ಅಂಗಿಯ ಕಿಸೆಯಲ್ಲಿ ಸಲೀಸಾಗಿ ಕೂಡುತ್ತಿತ್ತು. ನಾನು ಸರ್ಟಿಫಿಕೇಟಿನ ಹಾಳೆ ಎಳೆದುಕೊಂಡು ತಾರೀಖು ಹಾಕಿದೆ, ಮುಂದೆ ಬರೆಯಲಾಗಲಿಲ್ಲ. ಮಾಸ್ತರರು ಬುದ್ಧನನ್ನು ನಂಬಿದ ಮನೆಯವರು, ಊರಿನ ಹೊರಗಿನ ಓಣಿಯಲ್ಲಿ ಬಾಡಿಗೆಗಿದ್ದರು. ಇದೇ ಕೈ ಊರೊಳಗಿನ ಓಣಿಯ ಮಾಸ್ತರರದಾಗಿದ್ದರೆ ಎಲ್ಲರ ಮೊದಲ ಊಹೆ ಕುಡಿತವೇ ಆಗುತ್ತಿತ್ತೇ? ನನ್ನದು? ಈ ಪ್ರಶ್ನೆ ಅಂದೇ ಹೊಳೆಯಿತೋ, ಆಮೇಲೆ ನಾನು ಅಂದಿಗೆ ಅಂಟಿಸಿಕೊಂಡೆನೋ, ಹೇಳಲಾರೆ. ಹಾಳೆಯನ್ನು ಮಡಿಚಿಟ್ಟದ್ದು ಮಾತ್ರ ಖರೆ.

ಎರಡನೇ ಸಲ ಅವರನ್ನು ಕರೆಸಿ ಬಾಗಿಲು ಹಾಕಿ ಕೇಳಿದೆ.

“ಮಾಸ್ತರ, ಬರೋ ಮುಂದ ಏನು ತೊಗೊಂಡಿದ್ರಿ?”

“ನಿಮ್ಮ ಮುಂದ ನಡುಗಬಾರದು ಅಂತ ತೊಗೊಂಡೆ ಮೇಡಂ,” ಎಂದರು.

ಕಥೆ ಹೀಗಿತ್ತು. ನಡುಕ ಶಿಕ್ಷಕರ ತರಬೇತಿಯ ದಿನಗಳಲ್ಲೇ ಸಣ್ಣಗೆ ಶುರುವಾಗಿತ್ತು. ಹೆಂಡ ಮುಟ್ಟುವುದಿಲ್ಲವೆಂದು ಇಡೀ ಮನೆತನವೇ ಬುದ್ಧನ ಮುಂದೆ ಶೀಲ ತೆಗೆದುಕೊಂಡಿತ್ತು; ಇವರೂ ಮುಟ್ಟಿರಲಿಲ್ಲ. ಕೆಲವು ವರ್ಷಗಳ ಹಿಂದೆ ಶಹಾಪುರದಲ್ಲಿ ಗೆಳೆಯನ ಲಗ್ನದಲ್ಲಿ ಒತ್ತಾಯಕ್ಕೆ ಎರಡು ಗುಟುಕು ಕುಡಿದರು. ಸ್ವಲ್ಪ ಹೊತ್ತಿಗೆ ಉಡುಗೊರೆಯ ಮೇಲೆ ಹೆಸರು ಬರೆಯುವಾಗ ಕೈಯ ನಡುಕ ನಿಂತಿತ್ತು. “ಆ ಹೊತ್ತು ನಾ ಅತ್ತೆ ಮೇಡಂ. ಎಷ್ಟ್ ವರ್ಷದ ಮ್ಯಾಲ ನನ್ನ ಹೆಸರು ನೆಟ್ಟಗ ಕಂಡಿತ್ತು.” ಆಮೇಲೆ ಇನ್ಸ್‌ಪೆಕ್ಟರು ಬರುವ ದಿನ ಮಾತ್ರ ಒಂದು ಗುಟುಕು. ಆಮೇಲೆ ಸಭೆ ಇದ್ದ ದಿನ. ಈಚೆಗೆ ಯಾವ ದಿನ ಇಲ್ಲ ಎಂದು ಅವರಿಗೇ ಹೇಳಲಾಗಲಿಲ್ಲ.

ವಂಶದಿಂದ ಬರುವ ಒಂದು ನಡುಕವಿದೆ. ಕೈ ಎತ್ತಿದರೆ ಬರುತ್ತದೆ, ಕೈ ಸುಮ್ಮನಿದ್ದರೆ ಇಲ್ಲ. ಅದರ ಕ್ರೂರ ಗುಣವೆಂದರೆ, ಅದಿರುವವರಲ್ಲಿ ಹಲವರಿಗೆ ಸ್ವಲ್ಪ ಮದ್ಯ ಹೊಟ್ಟೆಗೆ ಹೋದರೆ ತಾಸೆರಡು ತಾಸು ನಿಲ್ಲುತ್ತದೆ, ಇಳಿದ ಮೇಲೆ ಇನ್ನಷ್ಟು ಜೋರಾಗುತ್ತದೆ. ಕುಡುಕನ ನಡುಕವೂ ಕುಡಿದರೆ ನಿಲ್ಲುತ್ತದೆ. ಹೊರಗಿನಿಂದ ಎರಡೂ ಒಂದೇ. ಒಂದರಲ್ಲಿ ನಡುಕ ಮೊದಲು, ಕುಡಿತ ಆಮೇಲೆ, ಇನ್ನೊಂದರಲ್ಲಿ ತಿರುಗಾಮುರುಗಾ. ಯಾವುದು ಮೊದಲು ಎಂಬುದಕ್ಕೆ ನನ್ನ ಬಳಿ ಇದ್ದದ್ದು ಅವರ ಮಾತು ಮಾತ್ರ. ಅದೂ ನೆನಪಿನ ಮಾತು. ಅದರ ಬಗ್ಗೆ ನನ್ನ ಅಭಿಪ್ರಾಯ ಮೊದಲೇ ಹೇಳಿದ್ದೇನೆ.

ಬೇರ್ಪಡಿಸುವ ದಾರಿ ಒಂದಿತ್ತು. ಕುಡಿತ ಬಿಟ್ಟಾಗಿನ ನಡುಕ ಒಂಟಿಯಾಗಿ ಬರುವುದಿಲ್ಲ. ಬೆವರು, ಓಡುವ ನಾಡಿ, ನಿದ್ದೆಗೇಡು, ದಿಗಿಲು ಕರೆದುಕೊಂಡು ಬರುತ್ತದೆ. ಎರಡು ಮೂರು ದಿನ ಏರಿ ಆಮೇಲೆ ಇಳಿದು ಹೋಗುತ್ತದೆ. ವಂಶದ ನಡುಕ ಏರುವುದೂ ಇಲ್ಲ, ಹೋಗುವುದೂ ಇಲ್ಲ. ಅವರನ್ನು ದವಾಖಾನೆಯಲ್ಲೇ ಇರಿಸಿಕೊಂಡು, ಗುಟುಕೂ ಇಲ್ಲದೆ ಒಂದು ವಾರ ಕಾಯಬೇಕು. ಅದರಲ್ಲಿ ಅಪಾಯವೂ ಇತ್ತು: ದಿನಾ ಕುಡಿಯುವವನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಅದಕ್ಕೇ ಮನೆಯಲ್ಲಿ ಬಿಡಿ ಎಂದು ಹೇಳಲು ನಾನು ತಯಾರಿರಲಿಲ್ಲ.

“ವಾರ್ಡಿನಾಗ ಮಲಗಿದ್ರ ಮಂದಿ ಏನಂತಾರ? ಕುಡಿತ ಬಿಡಸಾಕ ಹಾಕ್ಯಾರ ಅಂತಾರ.”

“ಮಂದಿ ಈಗ ಏನು ಅನ್ನಾಕತ್ತಾರ ಮಾಸ್ತರ?”

ಸಂಜೆ ಅವರು ಚಾದರ ತೆಗೆದುಕೊಂಡು ಬಂದರು.

ಮೊದಲ ದಿನ ಶಾಂತವಾಗಿ ಕಳೆಯಿತು. ಕೈ ನಡುಗುತ್ತಿತ್ತು, ನಾಡಿ ಸರಿಯಿತ್ತು. ಎರಡನೇ ದಿನ ಮಧ್ಯಾಹ್ನ ಸಿಸ್ಟರ್ ಬಾಗಿಲಲ್ಲಿ ನಿಂತು, “ಬರ್ರಿ, ನಿಮ್ಮ ಶೀಲವಂತರನ್ನ ನೋಡ್ರಿ,” ಎಂದರು. ಹೋಗಿ ನೋಡಿದರೆ ಮಾಸ್ತರರು ಮಂಚ ಅಲುಗುವಂತೆ ನಡುಗುತ್ತಿದ್ದಾರೆ. ಹಲ್ಲು ಕಟಕಟ. ನಾಡಿ ಓಡುತ್ತಿದೆ. ಬೆವರಿ ಅಂಗಿ ಮೈಗಂಟಿದೆ. ಎರಡನೇ ದಿನ, ಪುಸ್ತಕದಲ್ಲಿದ್ದಂತೆಯೇ.

ಸೋತೆ ಅನಿಸಿತು. ಸೋಲು ಯಾಕೆ ನನ್ನದಾಗಬೇಕು? ಅವರು ಕುಡುಕರಾಗಬಾರದು ಎಂದು ನಾನು ಆಸೆಪಟ್ಟಿದ್ದೆ. ರೋಗಿಯ ವಿಷಯದಲ್ಲಿ ವೈದ್ಯೆಗೆ ಆಸೆ ಇದ್ದರೆ ಅವಳ ಕಣ್ಣನ್ನು ಎಷ್ಟು ನಂಬಬೇಕು? ವರಾಂಡದಲ್ಲಿ ಅತ್ತಿತ್ತ ತಿರುಗಾಡಿದೆ. ಮತ್ತೆ ಒಳಗೆ ಬಂದು, ಮಾಡಬೇಕಾದ ಮೊದಲ ಕೆಲಸವನ್ನು ಆಗ ಮಾಡಿದೆ: ಥರ್ಮಾಮೀಟರ್ ಇಟ್ಟೆ. ಪಾದರಸ ಕಡೆಯ ಗೆರೆಗಳವರೆಗೆ ಹೋಯಿತು. ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಲೇರಿಯ. ಕಾಲುವೆಯ ಸೊಳ್ಳೆ.

ಚಳಿಜ್ವರದ ನಡುಕವನ್ನು ಗುರುತಿಸಲು ವೈದ್ಯೆಯೇ ಬೇಕಿಲ್ಲ; ಆ ವರ್ಷಗಳಲ್ಲಿ ಅಲ್ಲಿನ ಯಾವ ಅಜ್ಜಿಯಾದರೂ ಹೇಳುತ್ತಿದ್ದಳು. ಹುಡುಕುತ್ತಿದ್ದ ನಡುಕವೇ ಕಣ್ಣಿನ ತುಂಬ ಇದ್ದುದರಿಂದ ಎದುರಿಗಿದ್ದದ್ದು ಕಾಣಲಿಲ್ಲ. ಆದರೆ ಈಗ ನನ್ನ ಇಡೀ ಲೆಕ್ಕ ಕಲಸಿಹೋಯಿತು. ಬೆವರು, ನಾಡಿ, ನಿದ್ದೆಗೇಡು, ಯಾವುದು ಜ್ವರದ್ದು, ಯಾವುದು ಕುಡಿತ ಬಿಟ್ಟದ್ದು? ಗುಳಿಗೆ ಶುರುಮಾಡಿದೆ. ಜ್ವರ ಇಳಿಯುವವರೆಗೆ ಕಾಯಬೇಕು, ಇಳಿದ ಮೇಲೆ ಮತ್ತೆ ಕಾಯಬೇಕು. ಅಧ್ಯಕ್ಷರು ಆಳಿನ ಕೈಯಲ್ಲಿ ಹೇಳಿಕಳಿಸಿದರು: ಸಭೆ ಇನ್ನು ಮುಂದಕ್ಕೆ ಹೋಗುವುದಿಲ್ಲ.

ಮಗ ದವಾಖಾನೆಯಲ್ಲಿದ್ದಾನೆಂದು ಕೇಳಿ ಮುದನಾಳದ ಕಡೆಯಿಂದ ಮಾಸ್ತರರ ತಂದೆ ಬಂದರು. ಎಪ್ಪತ್ತರ ಆಸುಪಾಸಿನ ಗಟ್ಟಿ ಮುದುಕ. ಜ್ವರ ಎಂದಷ್ಟೇ ಅವರಿಗೆ ಗೊತ್ತಿತ್ತು.

“ಅಪ್ಪಾ, ನಿಮ್ಮ ಮನ್ಯಾಗ ಯಾರಿಗೆರೆ ಕೈ ನಡುಗ್ತದೇನು?” ಎಂದು ಕೇಳಿದೆ.

“ನಮ್ಮ ಮನ್ಯಾಗಾ? ಯಾರಿಗೂ ಇಲ್ಲಯವ್ವಾ. ದುಡಿಯೋ ಮಂದಿ ನಾವು, ನಡುಕ ಎಲ್ಲಿಂದ ಬರಬೇಕು?”

ಕೈಗಳು ಹೆಗಲ ಮೇಲಿನ ಟವೆಲಿನ ಕೆಳಗಿದ್ದವು. ಸಿಸ್ಟರ್ ಚಹಾ ತಂದರು. “ಒಲ್ಲೆ,” ಎಂದರು ಮುದುಕ. ಮರುದಿನ ಬೆಳಗ್ಗೆಯೂ ಒಲ್ಲೆ. ಬಸ್ಸಿಳಿದು ಬಂದ ನಮ್ಮ ಕಡೆಯ ಮನುಷ್ಯ ಚಹಾ ಒಲ್ಲೆ ಅನ್ನುತ್ತಾನೆಯೇ? ನಮ್ಮಲ್ಲಿ ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿಕೊಂಡು, ಬಸಿಯನ್ನು ಬೆರಳ ತುದಿಯಲ್ಲಿ ಎತ್ತಿ ಸುರ್ರನೆ ಕುಡಿಯುತ್ತಾರೆ. ಅದಕ್ಕಿಂತ ಒಳ್ಳೆಯ ನಡುಕದ ಪರೀಕ್ಷೆಯನ್ನು ಯಾವ ಕಾಲೇಜೂ ಕಂಡುಹಿಡಿದಿಲ್ಲ. ಮೂರನೆಯ ಸಲ ಸಿಸ್ಟರಿಗೆ ಚಹಾ ಇಟ್ಟು ಬರಲು ಹೇಳಿ, ನಾನು ಔಷಧದ ಕೋಣೆಯೊಳಗೆ ನಿಂತೆ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮುದುಕ ಬೆಂಚಿನ ಮೇಲೆ ಬಸಿಯನ್ನಿಟ್ಟು, ಎರಡೂ ಕೈಯಿಂದ ಕಪ್ಪು ಹಿಡಿದು ಸುರುವಿದರು. ಅರ್ಧ ಬೆಂಚಿನ ಮೇಲೆ ಚೆಲ್ಲಿತು. ಆಮೇಲೆ ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ, ಬಸಿಗೇ ಬಾಯಿ ಹಚ್ಚಿ ಹೀರಿದರು.

ಕದ್ದು ನೋಡಿದ್ದು ಸರಿಯೇ ಎಂಬ ಅಳುಕು ಈಗಲೂ ಇದೆ. ಹೊರಗೆ ಬಂದೆ. ಮುದುಕ ನನ್ನನ್ನು ಕಂಡು ಟವೆಲಿನಿಂದ ಬೆಂಚು ಒರೆಸತೊಡಗಿದರು.

“ಗೊತ್ತಾತಲ್ಲ,” ಎಂದರು. “ನಮ್ಮಪ್ಪಗೂ ಇತ್ತು. ನನ್ನ ತಂಗಿಗೆ ಕುತ್ತಿಗಿ ನಡುಗ್ತದ, ಹೂಂ ಅಂದ್ರೂ ಉಹೂಂ ಅಂದಂಗ ಕಾಣ್ತದ. ಯಾರ ಮುಂದೂ ಅನ್ನಬ್ಯಾಡ ತಾಯಿ. ಮೊಮ್ಮಗಳಿಗೆ ಸುರಪುರದ ಹುಡುಗನ್ನ ಗೊತ್ತು ಮಾಡೀವಿ. ಮನಿತನದ ಬ್ಯಾನಿ ಅಂದ್ರ ಯಾರು ಒಯ್ತಾರ ಆ ಹುಡುಗೀನ?”

ನಾನು ಹುಡುಕುತ್ತಿದ್ದ ಸಾಕ್ಷಿ ಸಿಕ್ಕಿತ್ತು. ಅದನ್ನು ಬಳಸುವ ಹಕ್ಕು ನನಗಿರಲಿಲ್ಲ. ಜ್ವರ ಇಳಿಯಿತು, ಆಮೇಲೂ ಕೆಲವು ದಿನ ಇರಿಸಿಕೊಂಡೆ. ಮಾಸ್ತರರು ಚೆನ್ನಾಗಿ ಉಂಡರು, ನಿದ್ದೆ ಮಾಡಿದರು, ನಾಡಿ ತಣ್ಣಗಿತ್ತು, ಬೆವರಿರಲಿಲ್ಲ. ಕಲಬುರಗಿಯಿಂದ ಗಂಟಲ ಗ್ರಂಥಿಯ ಪರೀಕ್ಷೆ ಸರಿಯಿದೆ ಎಂದು ಬಂತು. ದಿನಾ ಬೆಳಗ್ಗೆ ಒಂದು ಸುರುಳಿ ಬರೆಸುತ್ತಿದ್ದೆ. ಎಲ್ಲವೂ ಒಂದೇ ಲಯದಲ್ಲಿ, ಒಂದೇ ಓರೆಯಲ್ಲಿ ನಡುಗಿದ್ದವು. ಏರಲಿಲ್ಲ, ಇಳಿಯಲಿಲ್ಲ, ಹೋಗಲಿಲ್ಲ. ಸಿಸ್ಟರ್ ಸುರುಳಿಗಳನ್ನು ಸಾಲಾಗಿ ಇಟ್ಟು ನೋಡಿ, “ಹಂಗಾರ ನನ್ನ ಮೂಗು ಅರ್ಧ ಖರೇ ಹೇಳಿತ್ತು,” ಎಂದರು.

ಮಾಸ್ತರರಿಗೆ ಎಲ್ಲ ಹೇಳಿದೆ. ಇದು ಕುಡಿತದಿಂದ ಬಂದ ನಡುಕವಲ್ಲ ಎಂದು ಬರೆದುಕೊಡುತ್ತೇನೆ. ವಂಶದ ಮಾತು ಬರೆಯುವುದಿಲ್ಲ, ಅದು ನಿಮ್ಮದು. ಆದರೆ ಕುಡಿದಿಲ್ಲ ಎಂದೂ ಬರೆಯಲಾರೆ. ಇನ್ನೂ ಕೆಲವು ವರ್ಷ ಹೀಗೇ ಹೋದರೆ ಸಿಸ್ಟರ ಭಾವನ ನಡುಕವೂ ಇದಕ್ಕೆ ಕೂಡಿಕೊಳ್ಳುತ್ತದೆ, ಆಗ ನನಗೂ ಬೇರ್ಪಡಿಸಲಾಗುವುದಿಲ್ಲ.

“ವಾಸನಿ ಯಾಕ ಬಂತು ಅಂತ ಕೇಳಿದ್ರ?” ಎಂದರು.

“ನನ್ನ ಕೇಳಿದ್ರ, ಮಾಸ್ತರನ್ನೇ ಕೇಳ್ರಿ ಅಂತೀನಿ.”

ಸಭೆ ಶಾಲೆಯ ಪಡಸಾಲೆಯಲ್ಲಿ. ಅಧ್ಯಕ್ಷರ ಕರೆಯ ಮೇಲೆ ನಾನೂ ಹೋಗಿದ್ದೆ. ಮಾಸ್ತರರ ತಂದೆ ಕಂಬಕ್ಕೆ ಒರಗಿ ಕೂತಿದ್ದರು. ಅಧ್ಯಕ್ಷರು ನನ್ನ ಸರ್ಟಿಫಿಕೇಟನ್ನು ಗಟ್ಟಿಯಾಗಿ ಓದಿಸಿದರು.

“ನರದ್ದಂತ, ಕುಡಿತದ್ದಲ್ಲಂತ. ಆಯ್ತು. ಆದ್ರ ಬಾಯಾರ, ಊರ ಮಂದಿಗೆ ವಾಸನಿ ಬಂದಾದ. ಅದೂ ನರದ್ದೇನು?”

ಯಾರೋ ಕಿಸಕ್ಕನೆ ನಕ್ಕರು. ನಾನು ಮಾಸ್ತರರ ಕಡೆ ನೋಡಿದೆ. ಅವರು ಎದ್ದು ನಿಂತರು.

“ಕುಡದೀನ್ರಿ,” ಎಂದರು.

ನಾನು ನೋಡುತ್ತಿದ್ದದ್ದು ಕಂಬದ ಹತ್ತಿರದ ಮುದುಕನನ್ನು. ಅವರು ಮಗನ ಮುಖವನ್ನು ಮೊದಲ ಸಲ ಕಂಡವರಂತೆ ನೋಡುತ್ತಿದ್ದರು. ಮಾಸ್ತರರು ಲಗ್ನದ ಗುಟುಕಿನಿಂದ ಹಿಡಿದು ಎಲ್ಲ ಹೇಳಿದರು. ಕೈ ನಿಲ್ಲಲಿ ಎಂದು ಕುಡಿದೆ, ಶೀಲ ಮುರಿದೆ, ದವಾಖಾನೆಗೆ ಸೇರಿದಾಗಿನಿಂದ ಮುಟ್ಟಿಲ್ಲ. ವಂಶದ ಮಾತು ಮಾತ್ರ ಎತ್ತಲಿಲ್ಲ.

“ಕಥಿ ಚಂದ ಅದ,” ಎಂದ ಒಬ್ಬ ಸದಸ್ಯ. “ನಮ್ಮಾಂವನೂ ದಿನಾ ಕೈ ನಿಲ್ಲಲಿ ಅಂತೇ ಕುಡೀತಾನ.” ಈಗ ಎಲ್ಲರೂ ನಕ್ಕರು. ಅಧ್ಯಕ್ಷರು ಠರಾವಿನ ಪುಸ್ತಕ ತೆರೆದರು.

ಮುದುಕ ಕಂಬ ಹಿಡಿದು ಎದ್ದರು. ಟವೆಲನ್ನು ಹೆಗಲಿನಿಂದ ತೆಗೆದು ಕಂಬದ ಬುಡಕ್ಕೆ ಹಾಕಿದರು. ಎರಡೂ ಕೈಯನ್ನು ಸಭೆಯ ಮುಂದೆ ಚಾಚಿದರು. ಕೈ ಎರಡೂ ಅಲ್ಲಾಡುತ್ತಿದ್ದವು, ಮಗನಿಗಿಂತ ಎರಡು ಪಟ್ಟು.

“ನೋಡ್ರಿ ಗೌಡ್ರ. ನಾ ಹುಟ್ಟಿದಾಗಿಂದ ಹೆಂಡ ಮುಟ್ಟಿದಾವಲ್ಲ. ಈ ಕೈ ಅಂವಗ ನಾ ಕೊಟ್ಟದ್ದು. ನಮ್ಮಪ್ಪ ನನಗ ಕೊಟ್ಟಿದ್ದ.” ಮಗನ ಕಡೆ ತಿರುಗಿದರು. “ಪಾಕೀಟು ನಾ ಕೊಟ್ಟದ್ದಲ್ಲಪಾ.”

ಮಾಸ್ತರರು ತಲೆ ತಗ್ಗಿಸಿದರು. ಆಮೇಲೆ ಯಾರೂ ನಗಲಿಲ್ಲ.

ಅಧ್ಯಕ್ಷರು ಪುಸ್ತಕ ಮುಚ್ಚಿದ್ದು ಆಗಲೋ, ಇನ್ನೊಂದಿಷ್ಟು ಮಾತಾದ ಮೇಲೋ, ನನ್ನ ದಿನಚರಿಯೂ ಹೇಳುವುದಿಲ್ಲ. ತೀರ್ಮಾನ ಬರೆದಿಟ್ಟಿದ್ದೇನೆ: ದೂರು ಕಳಿಸುವುದಿಲ್ಲ, ಇನ್ನೊಮ್ಮೆ ವಾಸನೆ ಬಂದರೆ ಕೇಳದೆ ಕಳಿಸುತ್ತೇವೆ, ಮಕ್ಕಳು ಅಕ್ಷರವನ್ನು ಮುದ್ರಿತ ಪಟ ನೋಡಿ ತಿದ್ದಬೇಕು. “ನನ್ನ ಮಗಳು ಮಾತ್ರ ಕೇಳಾಂಗಿಲ್ಲ ಮಾಸ್ತರ,” ಎಂದರು ಅಧ್ಯಕ್ಷರು ಹೊರಡುವಾಗ. “ಪಟದಾಗಿನ ಅಕ್ಷರಕ್ಕ ತೆರೀನೇ ಇಲ್ಲ, ಅವು ತಪ್ಪ ಅವ ಅಂತಾಳ.”

ಮಾಸ್ತರರಿಗೆ ನಾಡಿಯನ್ನು ನಿಧಾನಗೊಳಿಸುವ ಒಂದು ಗುಳಿಗೆಯನ್ನು ಸಣ್ಣ ಪ್ರಮಾಣದಲ್ಲಿ ಶುರುಮಾಡಿ ಏರಿಸಿದೆ. ನಡುಕ ಅರ್ಧಕ್ಕಿಳಿಯಿತು, ಪೂರ್ತಿ ಹೋಗಲಿಲ್ಲ. ಅಷ್ಟೇ ಎಂದು ಮೊದಲೇ ಹೇಳಿದ್ದೆ. ಆದರೆ ಸಭೆಯ ಸುದ್ದಿ ಸುರಪುರ ಮುಟ್ಟಿತ್ತು. ಗಂಡಿನ ಮನೆಯವರು ‘ಸ್ವಲ್ಪ ದಿನ ತಡೀರಿ’ ಎಂದು ಹೇಳಿಕಳಿಸಿದರು ಎಂದು ಮಾಸ್ತರರೇ ಹೇಳಿದರು, ಗುಳಿಗೆ ಒಯ್ಯಲು ಬಂದಾಗ. ನನ್ನನ್ನು ದೂರಲಿಲ್ಲ. ದೂರಿದ್ದರೆ ಹಗುರಾಗುತ್ತಿತ್ತು.

ಅದಾದ ಮೇಲೆ ಒಂದು ಬೆಳಗ್ಗೆ ಮಾಸ್ತರರ ಮಗಳು ಬಂದಳು. ಅಪ್ಪನ ಮುಖ, ಅಜ್ಜನ ಧ್ವನಿ.

“ನಂಗೂ ಅದ ಏನು ನೋಡ್ರಿ ಮೇಡಂ.” ಕೂರುವುದಕ್ಕೂ ಮೊದಲೇ ಕೈ ಚಾಚಿದಳು.

ಎಲ್ಲ ಮಾಡಿಸಿದೆ. ಕೈ ಚಾಚಿಸಿದೆ, ನೀರು ಸುರುವಿಸಿದೆ, ಸುರುಳಿ ಬರೆಸಿದೆ, ಬೆರಳನ್ನು ಮೂಗಿನಿಂದ ನನ್ನ ಬೆರಳಿಗೆ ಓಡಿಸಿದೆ. “ಈಗ ಇಲ್ಲ,” ಎಂದೆ. “ಮುಂದ ಬರಬಹುದು, ಬರದೇನೂ ಇರಬಹುದು. ಎರಡೂ ಸಮಸಮ. ಬಂದ್ರ ಜೀವಕ್ಕೇನೂ ಧಕ್ಕೆ ಇಲ್ಲ.”

“ಮಕ್ಕಳಿಗೆ?”

“ನಿನಗ ಬಂದ್ರ, ಅವಕ್ಕೂ ಹಂಗೇ.”

ಅವಳು ತಲೆಯಾಡಿಸಿ, ಬಾಗಿಲಿನ ಕಡೆ ತಿರುಗಿ, “ಬರ್ರಿ ಒಳಗ,” ಎಂದು ಕರೆದಳು. ಸುರಪುರದ ಹುಡುಗ ಒಳಗೆ ಬಂದ. ಯಾವುದೋ ಕಚೇರಿಯಲ್ಲಿ ಗುಮಾಸ್ತನಂತೆ, ಕಿಸೆಯಲ್ಲಿ ಪೆನ್ನು. ಮನೆಯಲ್ಲಿ ಹೇಳದೆ ಬಂದಿದ್ದ ಎಂದು ಮುಖವೇ ಹೇಳುತ್ತಿತ್ತು.

“ನಂದು ನೋಡಿದ್ರಲ್ಲ, ಇವರದೂ ನೋಡ್ರಿ,” ಎಂದಳು. “ನನ್ನೊಬ್ಬಾಕಿದೇ ಯಾಕ ನೋಡಬೇಕು?”

ಹುಡುಗ ನನ್ನನ್ನೂ ಅವಳನ್ನೂ ನೋಡಿ ಕೈ ಚಾಚಿದ. ಬೆರಳುಗಳು ಸಣ್ಣಗೆ, ವೇಗವಾಗಿ ನಡುಗುತ್ತಿದ್ದವು. ಅಂಗೈ ಮುಟ್ಟಿದೆ, ತಣ್ಣಗೆ, ಬೆವರಿತ್ತು. ನಾಡಿ ಓಡುತ್ತಿತ್ತು.

“ಅಯ್ಯ, ಇವರಿಗೇ ಅದ!”

“ಇದು ಬ್ಯಾನಿ ಅಲ್ಲ, ಹೆದರಿಕಿ,” ಎಂದೆ.

“ಯಾರ ಹೆದರಿಕಿ?” ಎಂದು ಅವಳು ಅವನನ್ನೇ ಕೇಳಿದಳು.

ನಾನು ಇಳಿಸು ಎಂದು ಹೇಳದಿದ್ದರಿಂದ ಹುಡುಗನ ಕೈ ಚಾಚಿಯೇ ಇತ್ತು, ನಡುಗುತ್ತಲೇ ಇತ್ತು.

“ಇವತ್ತು ಸಂಜೀಕ ನಮ್ಮಪ್ಪನ ಮುಂದ ಕುಂತು ಮಾತಾಡ್ತೀನಿ,” ಎಂದ.